ಕಳಿಸುವ ಸಾಲು

ಬಕ್ಕೇಶನ ಸ್ಯಾಂಪ್ಲರಿಗೆ ನೆನಪು ಕಡಿಮೆ. ಯಾವ ದನಿ ಕೊಟ್ಟರೂ ನಾಲ್ಕೇ ಸೆಕೆಂಡು ಹಿಡಿದಿಟ್ಟುಕೊಂಡು, ಕೀ ಒತ್ತಿ ಹಿಡಿದಷ್ಟು ಹೊತ್ತು ಅದನ್ನೇ ಮತ್ತೆ ಮತ್ತೆ ಹಾಡುವ ಯಂತ್ರ ಅದು. ೧೯೯೮ರ ದಾವಣಗೆರೆಯಲ್ಲಿ ಅಂಥದ್ದು ಇನ್ನೊಂದನ್ನು ಅವನು ಕಂಡಿರಲಿಲ್ಲ. ಎಲೆಕ್ಟ್ರಾನಿಕ್ಸ್ ಓದಿದ್ದ ಬಕ್ಕೇಶ, ಯಾರೂ ಕೇಳಿರದ ಸದ್ದಿನ ಕ್ಯಾಸೆಟ್ಟೊಂದನ್ನು ಎಸ್.ಎಸ್. ಬಡಾವಣೆಯ ತನ್ನ ಕೋಣೆಯಲ್ಲಿ ತಯಾರಿಸುತ್ತಿದ್ದ. ಹಾಡು ಬರೆಯುವವನು ಗೆಳೆಯ ತಿಮ್ಮೇಶ.

ತಿಮ್ಮೇಶನ ಅಣ್ಣ ಮೈಲಪ್ಪ ಎರಡು ವರ್ಷದ ಹಿಂದೆ ಹರಿಹರದ ಹೊಳೆಯಲ್ಲಿ ಮುಳುಗಿ ಸತ್ತಿದ್ದ. ಅವತ್ತು ತಾಯಿ ಕಮಲಕ್ಕ ದಂಡೆಯ ಮೇಲೆ ಕೂತು ಹಾಡಿಕೊಂಡು ಅತ್ತಿದ್ದಳು. ಭಾನುವಳ್ಳಿಯ ಅವರ ಮನೆತನದಲ್ಲಿ ಆ ಹಾಡಿಗೊಂದು ಕಟ್ಟಳೆ: ಸತ್ತವರನ್ನು ಹೆಸರು ಹಿಡಿದು ಮೂರು ಸಲ ಕರೆಯಬೇಕು, ಕೊನೆಗೆ ‘ಹೋಗಪ್ಪ, ತಿರುಗಿ ನೋಡಬ್ಯಾಡ’ ಎಂದು ಕಳಿಸಿಕೊಡಬೇಕು. ಕಳಿಸಿದ ಮೇಲೆ ಕಮಲಕ್ಕ ದಿನ ಕಳೆದಂತೆ ಮತ್ತೆ ಗದ್ದೆಗೆ ಹೋದಳು, ಉಂಡಳು, ನಿದ್ದೆ ಮಾಡಿದಳು. ತಿಮ್ಮೇಶ ಕೇಳಿಕೊಂಡನೆಂದು ಹೋದ ವಾರ ಅದನ್ನು ಟೇಪಿಗೆ ಪೂರ್ತಿ ಹಾಡಿಕೊಟ್ಟಿದ್ದಳು.

ಬಕ್ಕೇಶ ಅದರಿಂದ ಕರೆಯುವ ಸಾಲನ್ನಷ್ಟೇ ಕತ್ತರಿಸಿ, ಅಡಿಯಲ್ಲಿ ಡ್ರಮ್ ಕೂಡಿಸಿದ್ದ.

“ಮೈಲಪ್ಪಾ ಬಾರೋ... ಮೈಲಪ್ಪಾ ಬಾರೋ...”

“ಕಳಿಸೋ ಸಾಲು ಎಲ್ಲೈತೋ?” ತಿಮ್ಮೇಶ ಕೇಳಿದ.

“ಇದರಾಗೆ ಅಷ್ಟು ಜಾಗ ಇಲ್ಲಪ್ಪ. ಬೇಕಾಗೂ ಇಲ್ಲ. ಕೇಳು, ಮೈ ಜುಮ್ ಅಂತೈತೆ!”

“ಸದ್ದು ಹೊಸಾದೈತೆ, ಒಪ್ತೀನಿ. ಆದ್ರ ಹಾಡು ಅಂದ್ಮ್ಯಾಲೆ ಮುಗೀಬೇಕಲೇ. ಅವ್ವಗ ಮಾತ್ರ ಕೇಳಿಸ್ಬ್ಯಾಡ. ಈಗೀಗ ಸಮಾಧಾನ ಆಗ್ಯಾಳ.”

“ಹೋಗಲೇ, ಹಾರ್ಮೋನಿಯಂ ಮಾಸ್ತರ!” ಬಕ್ಕೇಶ ನಕ್ಕ.

ಭಾನುವಾರ ಮಧ್ಯಾಹ್ನ ಪೇಟೆಗೆ ಬಂದಿದ್ದ ಕಮಲಕ್ಕ ಮಗನನ್ನು ಹುಡುಕಿಕೊಂಡು ಆ ಕೋಣೆಗೆ ಬಂದಳು. ತಿಮ್ಮೇಶ ಇರಲಿಲ್ಲ.

“ನನ್ ಹಾಡು ಹೆಂಗ್ ಬಂದೈತಪ್ಪಾ?”

ಅವಳೇ ಮೆಚ್ಚಿದರೆ ತಿಮ್ಮೇಶನ ಬಾಯಿ ಮುಚ್ಚೀತು ಎಂದುಕೊಂಡು ಬಕ್ಕೇಶ ಕೀ ಒತ್ತಿದ.

ಅವಳು ಮೊದಲು ನಕ್ಕಳು. ಆಮೇಲೆ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿ ಕೂತಳು. ಹತ್ತು ಸಲ, ಇಪ್ಪತ್ತು ಸಲ. ಪ್ರತಿ ಸಲವೂ ದನಿ ಅಷ್ಟೇ ಎತ್ತರ, ಉಸಿರು ಅಷ್ಟೇ ಉದ್ದ, ದಣಿವೆಂಬುದೇ ಇಲ್ಲ. ಬಕ್ಕೇಶ ಮೆಚ್ಚಿಕೊಂಡಿದ್ದೇ ಅದನ್ನು. ಈಗ ಅದನ್ನೇ ಕೇಳಲಾಗಲಿಲ್ಲ. ಬೆರಳು ತೆಗೆದ.

“ಯಾಕ ನಿಲ್ಸಿದಿ?” ಅವಳು ಬಾಗಿಲಿನಿಂದ ಕಣ್ಣು ಕೀಳಲಿಲ್ಲ. “ಬರಾಕತ್ತಿದ್ದ.”

“ಕಮಲಕ್ಕ, ಕಳಿಸೋ ಸಾಲು ಒಂದ್ಸಲ ಹಾಡ್ರಿ. ಮುಗಿಸಿಬಿಡ್ರಿ.”

“ನಾನೇ ಅಲ್ಲೇನಪ್ಪ ಕಳಿಸಿದಾಕಿ,” ತಪ್ಪೊಪ್ಪಿಕೊಳ್ಳುವವಳಂತೆ ಹೇಳಿದಳು. “ಮೂರೇ ಸಲಕ್ಕ ಸುಮ್ನಾಗಿಬಿಟ್ಟೆ. ಇದು ನೋಡು, ಸುಮ್ನಾಗಂಗಿಲ್ಲ.”

ಎದ್ದು ಬಂದಳು. ಅವನು ಒತ್ತಿದ್ದು ಯಾವ ಕೀ ಎಂಬುದನ್ನು ನೋಡಿಕೊಂಡಿದ್ದಳು. ಅದರ ಮೇಲೆ ಬೆರಳೂರಿ, ಬಾಗಿಲ ಕಡೆ ಮುಖ ಮಾಡಿ ನಿಂತಳು.