ನಿದ್ದೆಯ ಸಾಕ್ಷಿ

"ಚೆನ್ನಾಗೇ ನಿದ್ದೆ ಮಾಡಿದ್ರಲ್ಲ ಮೇಡಂ," ಎಂದ ನಿದ್ದೆ ಪರೀಕ್ಷೆಯ ಟೆಕ್ನಿಷಿಯನ್, ಅವಳ ನೆತ್ತಿಯ ಮೇಲಿನ ವೈರನ್ನು ಬಿಡಿಸುತ್ತ. ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ, ಕೂದಲ ಬುಡದಲ್ಲಿ ಒಣಗಿ ಗಟ್ಟಿಯಾಗಿದ್ದ ಅಂಟನ್ನು ಮೆಲ್ಲಗೆ ಉಜ್ಜುತ್ತಿದ್ದ. ಕಿಟಕಿಯ ಪರದೆ ಆಗಲೇ ಸರಿಸಿಯಾಗಿತ್ತು. ಹೊರಗೆ ಆಸ್ಪತ್ರೆಯ ಅಂಗಳವನ್ನು ಯಾರೋ ಗುಡಿಸುತ್ತಿದ್ದರು.

ಅವಳು ಕನ್ನಡಿಯಲ್ಲಿ ಅವನ ಮುಖ ನೋಡಿದಳು. ತಮಾಷೆಯ ಸುಳಿವಿರಲಿಲ್ಲ.

"ಯಾರು, ನಾನಾ? ರಾತ್ರಿಯೆಲ್ಲ ಒಂದು ಎವೆ ಮುಚ್ಚಿಲ್ಲ. ನೀವು ಆಚೆ ಕುರ್ಚಿ ಎಳೆದಿದ್ದು ಕೇಳಿಸ್ತು. ಫೋನಲ್ಲಿ ಯಾರಿಗೋ 'ನಾಳೆ ಬರ್ತೀನಿ ಬಿಡಮ್ಮ' ಅಂದಿದ್ದೂ ಕೇಳಿಸ್ತು."

ಅವನು ನಾಚಿಕೊಂಡ. "ಅದು ನಿಜಾನೇ. ಆದ್ರೆ ಆಮೇಲೆ ಮಲಗಿಬಿಟ್ರಿ. ಮಧ್ಯೆ ಸ್ವಲ್ಪ ಎಚ್ಚರ ಆಗಿದ್ದು ಬಿಟ್ರೆ ಹೆಚ್ಚುಕಮ್ಮಿ ಬೆಳಗಿನವರೆಗೂ ನಿದ್ದೇನೇ. ಡಾಕ್ಟ್ರು ಹೇಳ್ತಾರೆ ಬಿಡಿ. ಮಷೀನು ಸುಳ್ಳು ಹೇಳಲ್ಲ ಮೇಡಂ."

ಅವಳಿಗೆ ಮೈಯುರಿಯಿತು. ಆ ಕೊನೆಯ ಮಾತು ಅವಳದೇ ಮಾತು. ಕಿವಿ ಪರೀಕ್ಷೆ ಮಾಡುವುದು ಅವಳ ಉದ್ಯೋಗ. ಗಾಜಿನ ಪುಟ್ಟ ಕೋಣೆಯಲ್ಲಿ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದರೆ ಗುಂಡಿ ಒತ್ತಲು ಹೇಳುತ್ತಾಳೆ. ಹೊರಬಂದ ಮೇಲೆ 'ನಂಗೆಲ್ಲ ಕೇಳಿಸ್ತು' ಎಂದು ವಾದಿಸುವವರ ಮುಂದೆ ಗ್ರಾಫ್ ಹಿಡಿದು ಇದೇ ಮಾತನ್ನು, ಇಷ್ಟೇ ಮೆತ್ತಗೆ, ಹೇಳುತ್ತ ಬಂದಿದ್ದಾಳೆ.

ನಿದ್ದೆ ಕೆಟ್ಟದ್ದು ಯಾವಾಗ ಎಂದು ಕೇಳಿದರೆ ಅವಳಿಗೇ ಸರಿಯಾಗಿ ಹೇಳಲಾಗದು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅವರ ಪಕ್ಕದಲ್ಲಿ ಕೂತ ರಾತ್ರಿಗಳಿಂದ ಇರಬಹುದು. ಅಪ್ಪ ಹೋದರು, ಎಚ್ಚರ ಹೋಗಲಿಲ್ಲ. ಬಿಸಿಹಾಲು, ಅಂಗಾಲಿಗೆ ಎಣ್ಣೆ, ಉಸಿರಾಟದ ಪಾಠ, ಗುಳಿಗೆ ಎಲ್ಲ ಆಯಿತು. ಗುಳಿಗೆ ನುಂಗಿದ ಮರುದಿನವೆಲ್ಲ ತಲೆಯೊಳಗೆ ಒದ್ದೆ ಕಂಬಳಿ ತುರುಕಿದ ಹಾಗಿರುತ್ತಿತ್ತು. ಕೊನೆಗೆ ಮನೆಯೇ ಅವಳ ನಿದ್ದೆಗೆ ಹೊಂದಿಕೊಂಡಿತು. ಕರೆಗಂಟೆಯ ವೈರು ಕಿತ್ತರು. ಅತ್ತೆ ಟಿವಿಯ ಸದ್ದು ಪೂರ್ತಿ ಇಳಿಸಿ ಧಾರಾವಾಹಿ ನೋಡುವುದನ್ನು ಕಲಿತರು. ಶಾಲೆಯಲ್ಲಿ ಭೂಗೋಳ ಕಲಿಸುವ ಗಂಡ ತನ್ನ ಹೊರಳಾಟದಿಂದ ಅವಳಿಗೆ ತೊಂದರೆಯಾಗಬಾರದೆಂದು ಹಾಲಿನ ಸೋಫಾಕ್ಕೆ ಹೋದ. ಆಳು ಉದ್ದ, ಸೋಫಾ ಗಿಡ್ಡ. ಬೆಳಿಗ್ಗೆ ನೋಡಿದರೆ ಅವನ ಪಾದಗಳೆರಡೂ ಸೋಫಾದ ತೋಳಿನಾಚೆ ಗಾಳಿಯಲ್ಲಿರುತ್ತಿದ್ದವು.

ಡಾಕ್ಟರು ಅವಳ ವಯಸ್ಸಿನವರೇ ಆದ ಹೆಂಗಸು. ಕಂಪ್ಯೂಟರ್ ಪರದೆಯನ್ನು ಅವಳತ್ತ ತಿರುಗಿಸಿ, "ನೋಡ್ತೀರಾ?" ಎಂದರು.

ರಾತ್ರಿ ಕ್ಯಾಮೆರಾ ತೆಗೆದ ಬೂದುಬಣ್ಣದ ವಿಡಿಯೋದಲ್ಲಿ ಒಬ್ಬಳು ಹೆಂಗಸು ಮಲಗಿದ್ದಳು. ಬಾಯಿ ಅರೆತೆರೆದಿತ್ತು, ಒಂದು ಕೈ ಕೆನ್ನೆಯ ಕೆಳಗಿತ್ತು. ನೋಡಿದವರು ಯಾರೂ ಅದನ್ನು ನಿದ್ದೆಯಲ್ಲ ಎನ್ನುವ ಹಾಗಿರಲಿಲ್ಲ. ಅವಳು ಮುಂದೆ ಬಾಗಿದಳು. ತನ್ನ ಮುಖವನ್ನು ತಾನಿಲ್ಲದ ಹೊತ್ತಿನಲ್ಲಿ ಅವಳೆಂದೂ ಕಂಡಿರಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ನಾನು ಸುಳ್ಳು ಹೇಳಿದ್ನಾ?"

"ಖಂಡಿತ ಇಲ್ಲ. ಕೆಲವರಿಗೆ ನಿದ್ದೆ ಬರುತ್ತೆ, ಆದ್ರೆ ನಿದ್ದೆ ಬಂದಿತ್ತು ಅನ್ನೋದು ಅವರಿಗೆ ಗೊತ್ತಾಗಲ್ಲ. ಎಚ್ಚರ ಇದ್ದ ಹಾಗೇ ಅನ್ನಿಸುತ್ತೆ. ಬೆಳಗಿನ ಸುಸ್ತು ನಿಜವಾದದ್ದೇ. ಯಾಕೆ ಹೀಗೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ತಿಳ್ಕೊಳ್ತಾ ಇದ್ದೀವಿ."

ಡಾಕ್ಟರು ಇನ್ನೂ ಏನೋ ಹೇಳುತ್ತಿದ್ದರು. ತೂಕಡಿಕೆ ಬಂದ ಮೇಲೇ ಹಾಸಿಗೆಗೆ ಹೋಗಬೇಕು, ದಿನಾ ಒಂದೇ ಹೊತ್ತಿಗೆ ಏಳಬೇಕು, ಕೋಣೆಯ ಗಡಿಯಾರ ತೆಗೆಯಬೇಕು, ಬೆಳಿಗ್ಗೆ ಎದ್ದು ನಿದ್ದೆಯ ಲೆಕ್ಕ ಒಪ್ಪಿಸಬಾರದು. ಮೊದಮೊದಲು ಕಷ್ಟವಾಗುತ್ತದೆ, ಬಿಡಬಾರದು. ಅವಳು ತಲೆಯಾಡಿಸುತ್ತಲೇ ಇದ್ದಳು. ಆದರೆ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಮಲಗಿದ್ದ ಹೆಂಗಸಿನ ತುಟಿ ಅಲ್ಲಾಡುತ್ತಿತ್ತು.

"ನಾನು ಏನೋ ಹೇಳ್ತಿದ್ದೀನಿ. ಇನ್ನೊಂದ್ಸಲ ಹಾಕಿ. ಸೌಂಡ್ ಜಾಸ್ತಿ ಮಾಡಿ."

ಡಾಕ್ಟರು ಸದ್ದು ಏರಿಸಿದರು. ಫ್ಯಾನಿನ ಗುಂಯ್‌ಗುಡುವಿಕೆಯ ಅಡಿಯಲ್ಲಿ ಒಂದು ಗೊಣಗಾಟವಷ್ಟೇ ಸಿಕ್ಕಿತು. ನಿದ್ದೆ ಬಂದಿತ್ತು ಎಂಬ ಸುದ್ದಿಗಿಂತ ಹೆಚ್ಚಾಗಿ, ಏನು ಹೇಳಿದೆ ಎಂಬುದು ತಿಳಿಯದೇ ಉಳಿದದ್ದು ಅವಳನ್ನು ಮನೆಯವರೆಗೂ ಕಾಡಿತು. ಅದನ್ನು ಹೇಳಬಲ್ಲವನು ಗಂಡನೊಬ್ಬನೇ. ಅವನನ್ನು ಕೇಳಬೇಕಾದರೆ ಮೊದಲು ತಾನು ಮಲಗುತ್ತಿದ್ದೆ ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಕರೆಗಂಟೆ, ಮೂಕ ಟಿವಿ, ಗಾಳಿಯಲ್ಲಿ ತೂಗಿದ ಆ ಪಾದಗಳು? ಅದೆಲ್ಲ ಯಾವ ಪುರುಷಾರ್ಥಕ್ಕೆ ಎಂದು ಅವರು ಕೇಳಿದರೆ?

ಅಂದು ಸಂಜೆ ಗಂಡ "ಏನಂದ್ರು?" ಎಂದು ಕೇಳಿದಾಗ, "ರಿಪೋರ್ಟು ಬರ್ಬೇಕು," ಎಂದುಬಿಟ್ಟಳು.

ಎರಡು ದಿನದ ಬಳಿಕ ಅವಳ ಬಳಿಗೆ ಒಬ್ಬ ನಿವೃತ್ತ ಲಾರಿ ಡ್ರೈವರು ಬಂದರು, ಜೊತೆಗೆ ಹೆಂಡತಿ. ಪರೀಕ್ಷೆ ಮುಗಿದ ಮೇಲೆ ಅವರು ಗಾಜಿನ ಕೋಣೆಯಿಂದ ಗೆದ್ದವರ ಹಾಗೆ ಹೊರಬಂದರು.

"ಎಲ್ಲಾ ಕೇಳಿಸ್ತು. ನನ್ನ ಕಿವಿಗೇನಾಗಿಲ್ಲ. ಈಗಿನ ಜನಾನೇ ಗೊಣಗ್ತಾರೆ. ಇವಳು ಮೊದಲು ಹಿಂಗಿರ್ಲಿಲ್ಲ, ಗಂಟೆ ಹೊಡೆದಂಗೆ ಮಾತಾಡ್ತಿದ್ಲು."

"ಕೂಗಿ ಕೂಗಿ ಗಂಟೆ ಒಡೆದುಹೋಯ್ತು," ಎಂದರು ಹೆಂಡತಿ.

ಗ್ರಾಫಿನ ಗೆರೆ ಇಳಿಜಾರಿನಲ್ಲಿ ಇಳಿದುಹೋಗಿತ್ತು. ಅದನ್ನು ತೋರಿಸಲು ಕೈಗೆತ್ತಿಕೊಂಡ ಅವಳು ಹಾಗೆಯೇ ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು.

"ನಿಮಗೆ ಹೇಗೆ ಕೇಳಿಸುತ್ತೆ, ಅದನ್ನ ಮೊದಲು ಹೇಳಿ ಯಜಮಾನ್ರೇ," ಎಂದಳು.

ಅವರು ಅವಕ್ಕಾದರು. ಹಾಗೆ ಯಾರೂ ಕೇಳಿರಲಿಲ್ಲವೇನೋ. ಸ್ವಲ್ಪ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸಿ, ನಿಧಾನವಾಗಿ ಹೇಳತೊಡಗಿದರು: ಮನೆಯಲ್ಲಿ ಎಲ್ಲರೂ ಪಕ್ಕದ ಕೋಣೆಯಲ್ಲಿ ಮಾತಾಡಿದಂತೆ, ತಾವಿರುವ ಕೋಣೆಯಲ್ಲಿದ್ದರೂ. ನಗು ಕೇಳಿಸುತ್ತದೆ, ಯಾತಕ್ಕೆ ಎಂಬುದು ಕೇಳಿಸುವುದಿಲ್ಲ. ಹೇಳುತ್ತ ಹೇಳುತ್ತ ತಮ್ಮ ಮಾತು ತಮಗೇ ತಟ್ಟಿದಂತೆ ತಡೆದರು. ಆಮೇಲೆ, "ಒಂದ್ಸಲ ಆ ಕಿವಿ ಮಿಷನ್ ಹಾಕಿ ನೋಡೋಣ, ಹಂಗೇ ಸುಮ್ನೆ," ಎಂದರು.

ಅವರು ಯಂತ್ರ ಹಾಕಿಕೊಂಡು ಕೋಣೆಯ ಸದ್ದುಗಳನ್ನು ಒಂದೊಂದಾಗಿ ಹುಡುಕುತ್ತಿದ್ದಾಗ ಅವಳು ಹೆಂಡತಿಯ ಕಡೆ ತಿರುಗಿದಳು. "ನಿಮಗೆ ಮುಂಚೇನೇ ಗೊತ್ತಿತ್ತಲ್ವಾ ಅಮ್ಮಾ? ಅವರಿಗೆ ಹೇಳ್ಲಿಲ್ವಾ?"

"ಒಂದ್ಸಲ ಹೇಳ್ದೆ. ಮುಖ ಊದಿಸ್ಕೊಂಡ್ರು. ಆಮೇಲೆ ಇನ್ನೇನು, ಜೋರಾಗಿ ಮಾತಾಡೋದು ಕಲಿತ್ಕೊಂಡೆ," ಎಂದರು ಆಕೆ, ದೂರೇನೂ ಇಲ್ಲದ ದನಿಯಲ್ಲಿ.

ಸಂಜೆ ಮನೆಗೆ ಬಂದವಳೇ ಅವಳು ಚಪ್ಪಲಿ ಬಿಟ್ಟು ರಿಮೋಟು ಎತ್ತಿ ಟಿವಿಯ ಸದ್ದು ಏರಿಸಿದಳು. ಅತ್ತೆ ಬೆಚ್ಚಿಬಿದ್ದರು.

"ಅಯ್ಯೋ, ಇವನ ದನಿ ಹಿಂಗಿದ್ಯಾ! ನಾನು ಏನೋ ಗಂಭೀರವಾಗಿರುತ್ತೆ ಅಂದ್ಕೊಂಡಿದ್ದೆ. ಕೀರಲು!" ಎಂದವರು, ಸೊಸೆಯ ಮುಖ ನೋಡಿ ದನಿ ತಗ್ಗಿಸಿದರು. "ಏನಾಯ್ತೇ?"

"ನಿದ್ದೆ ಬರ್ತಿದೆಯಂತೆ ಅತ್ತೆ ನಂಗೆ. ಮುಂಚಿಂದಾನೂ."

ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದ ಗಂಡನ ಚಾಕು ನಿಂತಿತು. ಅತ್ತೆ, "ಗೊರಕೆ ಹೊಡೀತೀಯ ಅಂತ ಹಿಂದೆ ನಾನೇ ಹೇಳಿದ್ದೆ. ಒಂದು ವಾರ ಮಾತು ಬಿಟ್ಟಿದ್ದೆ ನೀನು," ಎಂದು ಮತ್ತೆ ಟಿವಿಯತ್ತ ತಿರುಗಿದರು. ಅವರ ಪಾಲಿಗೆ ವಿಷಯ ಅಷ್ಟಕ್ಕೇ ಮುಗಿಯಿತು.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ನಿಮಗೂ ಗೊತ್ತಿತ್ತಾ?"

ಅವನು ಬೀನ್ಸಿನ ನಾರು ಎಳೆದ. "ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಮೊದಲು ಹೇಳಿದ್ದೆ. ನೀನು ಅತ್ತುಬಿಟ್ಟೆ. ನನ್ನ ಕಷ್ಟಾನ ಯಾರೂ ನಂಬಲ್ಲ ಅಂದೆ. ಆಮೇಲೆ ಯೋಚನೆ ಮಾಡ್ದೆ, ಬೆಳಿಗ್ಗೆ ಎದ್ದವಳ ಮುಖ ನೋಡಿದ್ರೆ ನಿದ್ದೆ ಮಾಡಿದ ಮುಖ ಅಲ್ಲವೇ ಅಲ್ಲ. ನಾನು ಕಂಡಿದ್ದೂ ನಿಜ, ನೀನು ಹೇಳೋದೂ ನಿಜ. ಇನ್ನು ವಾದ ಮಾಡಿ ಏನು ಬಂತು?"

"ಅದಕ್ಕೆ ಸೋಫಾ?"

"ಕಾಲು ಹೊರಗಿದ್ರೆ ತಂಪಾಗಿರುತ್ತೆ," ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ. ಸ್ಟೂಲು ಎಳೆದುಕೊಂಡು ಅವನೆದುರು ಕೂತು, ತಾನೂ ಒಂದು ಹಿಡಿ ಬೀನ್ಸ್ ಎತ್ತಿಕೊಂಡಳು.

"ರೀ, ನಿದ್ದೇಲಿ ನಾನು ಏನು ಮಾತಾಡ್ತೀನಿ?"

ಅವನು ತಲೆಯೆತ್ತಿದ. ಇದು ಅವನು ನಿರೀಕ್ಷಿಸಿದ ಪ್ರಶ್ನೆಯಾಗಿರಲಿಲ್ಲ.

"ಕೇಳಿಸ್ತಾ, ಅಂತೀಯ."

"ಏನು?"

"ಅಷ್ಟೇ. 'ಈಗ ಕೇಳಿಸ್ತಾ? ಈಗ?' ಅಂತ. ಉತ್ತರ ಕೊಡೋವರೆಗೂ ಬಿಡಲ್ಲ. ದನಿ ಸಣ್ಣ ಆಗ್ತಾ ಹೋಗುತ್ತೆ, ಹಣೆ ಗಂಟು ಹಾಕ್ಕೊಂಡು ಕಾಯ್ತೀಯ. 'ಕೇಳಿಸ್ತು' ಅಂದ್ರೆ ಸಮಾಧಾನ. ಮಗ್ಗುಲಾಗಿ ಮಲಗ್ತೀಯ."

"ಸೋಫಾಗೆ ಬಂದ ಮೇಲೆ ಯಾರು ಉತ್ತರ ಕೊಡೋರು?"

ಅವನು ಹೆಚ್ಚಿದ್ದನ್ನು ಪಾತ್ರೆಗೆ ಸುರಿದ. "ಗೋಡೆ ತೆಳು ಅಲ್ವಾ. ಎಚ್ಚರ ಇದ್ದಾಗ ಅಲ್ಲಿಂದಾನೇ ಹೇಳ್ತೀನಿ."

ಅವಳು ಕೈಯಲ್ಲಿದ್ದ ಬೀನ್ಸನ್ನು ಮುರಿಯುತ್ತ ಹೋದಳು. ತುಂಡುಗಳು ಒಂದೊಂದು ಅಳತೆಯವಾದವು. ಅವನು ಅವನ್ನೂ ಪಾತ್ರೆಗೆ ಹಾಕಿಕೊಂಡ. ಹಾಲಿನಿಂದ ಕೀರಲು ದನಿಯ ನಾಯಕ ಯಾರನ್ನೋ ಗದರಿಸುವುದೂ, ಅತ್ತೆ ಅವನನ್ನು ಅಣಕಿಸುವುದೂ ಕೇಳುತ್ತಿತ್ತು.

ಅಂದೇ ದಿಂಬು ಸೋಫಾದಿಂದ ಕೋಣೆಗೆ ಮರಳಿತು. ಆದರೆ ನಿದ್ದೆ ಅಷ್ಟು ಬೇಗ ದಾರಿಗೆ ಬರಲಿಲ್ಲ. ಡಾಕ್ಟರು ಹೇಳಿದ್ದು ಸರಿಯಾಗಿತ್ತು, ಮೊದಲ ವಾರಗಳು ಹಿಂದಿನದಕ್ಕಿಂತ ಕಷ್ಟವಾದವು. ಬೇಗ ಹೋಗಿ ಮಲಗುವ ಹಾಗಿಲ್ಲವೆಂದು ಅವಳು ಹಾಲಿನಲ್ಲಿ ಕೂತು ತೂಕಡಿಸುತ್ತ ಎಲ್ಲರ ಮೇಲೂ ರೇಗಿದಳು. ಗಡಿಯಾರ ಇಳಿಸಿದ ಗೋಡೆಯ ಮೊಳೆಯನ್ನು ನೋಡಿ ಹೊತ್ತು ಊಹಿಸಿದಳು. ಬೆಳಿಗ್ಗೆ "ರಾತ್ರಿಯೆಲ್ಲ..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡಳು. ಒಮ್ಮೊಮ್ಮೆ ಮಾತ್ರ, ಎದ್ದ ತಕ್ಷಣ, ಸಂಜೆಯ ಕೊನೆಯ ನೆನಪಿಗೂ ಕಿಟಕಿಯ ಬೆಳಕಿಗೂ ನಡುವೆ ಏನೋ ಕಾಣೆಯಾದಂತೆ ಅನ್ನಿಸುತ್ತಿತ್ತು. ಕಳೆದ ವಸ್ತುವಿಗಾಗಿ ತಡಕುವವಳಂತೆ ಅದನ್ನು ತಡಕುತ್ತಿದ್ದಳು.

ಒಂದು ಬೆಳಿಗ್ಗೆ ಅತ್ತೆಯ ಕೂಗಿಗೆ ಎಲ್ಲರೂ ಎದ್ದರು. "ಬಟ್ಟೆಯೆಲ್ಲ ನೆನೆದು ತೊಪ್ಪೆಯಾಗಿದೆ! ಯಾರಿಗೂ ಎಚ್ಚರ ಆಗ್ಲಿಲ್ವೇನ್ರೋ?"

ಅವಳು ಬರಿಗಾಲಲ್ಲಿ ತಾರಸಿಗೆ ಹೋದಳು. ನೆಲದಲ್ಲಿ ಅಲ್ಲಲ್ಲಿ ನೀರು ನಿಂತಿತ್ತು. ಎದುರು ಮನೆಯ ತಗಡಿನ ಸೂರಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಬೀದಿಯ ಗುಂಡಿಗಳೆಲ್ಲ ತುಂಬಿ ಬಿಳಿಚಿದ ಆಕಾಶ ಅವುಗಳಲ್ಲಿ ಬಿದ್ದಿತ್ತು. ಆ ತಗಡಿನ ಮೇಲೆ ಇಷ್ಟು ಮಳೆ ಸುರಿದರೆ ಬೀದಿಗೆ ಬೀದಿಯೇ ಏಳಬೇಕು.

"ಯಾವಾಗ ಬಂತು?" ಎಂದಳು, ಹಿಂದೆಯೇ ಕಣ್ಣುಜ್ಜುತ್ತ ಬಂದ ಗಂಡನಿಗೆ.

"ನಂಗೊತ್ತಿಲ್ಲ," ಎಂದ ಅವನು.

ತಂತಿಯ ಮೇಲೆ ಅವನ ಅಂಗಿ ಭಾರಕ್ಕೆ ಜೋತುಬಿದ್ದಿತ್ತು. ಅವಳು ಅದರ ಒಂದು ತೋಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದಳು. ತಣ್ಣನೆಯ ನೀರು ಮೊಣಕೈವರೆಗೂ ಹರಿಯಿತು. ಕೈ ಒರೆಸಿಕೊಳ್ಳದೆ, ಇನ್ನೊಂದು ತೋಳನ್ನು ಹಿಡಿದಳು.