ಸೋರುವ ಬಿರಡೆ

ದೊಡ್ಡ ಡಾಕ್ಟರು ಎಕ್ಸ್-ರೇ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದರು. ಒಂದು ಗಲ್ಲದ ಹತ್ತಿರ, ಇನ್ನೊಂದು ಕಿವಿಯ ಹತ್ತಿರ. "ಇಲ್ಲಿಂದ ಇಲ್ಲೀವರೆಗೆ ತೆಗೀತೀವಿ. ಕಾಲಿನ ಮೂಳೆ ತಂದು ಆ ಜಾಗಕ್ಕೆ ಕೂರಿಸ್ತೀವಿ," ಎಂದರು. ಬಡಗಿ ಕೂಡ ಹಲಗೆಗೆ ಇಷ್ಟು ಬೇಗ ಗುರುತು ಹಾಕುವುದಿಲ್ಲ. ಆ ಎರಡು ಗೆರೆಗಳ ನಡುವೆ ಇದ್ದದ್ದು ಹನ್ನೆರಡು ವರ್ಷದ ಹುಡುಗಿಯ ಅರ್ಧ ಕೆಳದವಡೆ. ಆ ಹುಡುಗಿ ಅಲ್ಲೇ ಕುರ್ಚಿಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಮನೆಯಲ್ಲಿ ಅವಳನ್ನು ಮೊಂಡಿ ಎನ್ನುತ್ತಾರೆ. ಹಿಡಿದ ಪಟ್ಟು ಬಿಟ್ಟ ದಾಖಲೆ ಇಲ್ಲ. ಅಮ್ಮ ಬಸ್ ಕಂಡಕ್ಟರು. ಮಾತಾಡಿದರೆ ಕೊನೆಯ ಸೀಟಿನವರೂ ಎದ್ದು ಕೂರಬೇಕು. ಅಪ್ಪ ಮಾತ್ರ ಮೆತ್ತನೆಯ ಮನುಷ್ಯ. ಮನೆಯ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುತ್ತಾನೆ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ. ಅವನು ಪ್ಲಾಸ್ಟರ್ ಎರೆದು, ಮೇಣ ತೀಡಿ, ಗುಲಾಬಿ ಬಣ್ಣದ ಅಕ್ರಿಲಿಕ್ ಬೇಯಿಸಿ, ಮೋಟಾರಿಗೆ ಹಿಡಿದು ಹೊಳಪು ಕೊಟ್ಟು ವಾಪಸ್ ಕಳಿಸುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ಅವನು ಮಾಡಿದ ಒಂದು ಸೆಟ್ಟೂ ಸಡಿಲ ಎಂದು ತಿರುಗಿ ಬಂದಿಲ್ಲ. ಹಾಗಾಗಿ ಬೀದಿಯವರಿಗೆಲ್ಲ ಅವನು ಹಲ್ಲಿನ ಮೇಸ್ತ್ರಿ.

"ಕ್ಯಾನ್ಸರ್ ಅಲ್ಲ ಅಂದ್ರಲ್ಲ ಸಾರ್?" ಎಂದ ಮೇಸ್ತ್ರಿ.

"ಅಲ್ಲ. ಆದ್ರೆ ಈ ಗಡ್ಡೆ ಒಳಗೊಳಗೇ ಮೂಳೆ ತಿಂದ್ಕೊಂಡು ಹೋಗುತ್ತೆ. ಚೂರು ಉಳಿದ್ರೂ ಮತ್ತೆ ಬರುತ್ತೆ. ಬುಡಸಮೇತ ತೆಗೆದ್ರೆ ಒಂದೇ ಸಲಕ್ಕೆ ಮುಗೀತು."

ಮೇಜಿನ ಆ ತುದಿಯಲ್ಲಿ ಕೂತಿದ್ದ ಚಿಕ್ಕ ಡಾಕ್ಟರಮ್ಮ ಆಗ ಬಾಯಿ ತೆರೆದರು. "ಸಾರ್, ಇವಳ ದವಡೆ ಇನ್ನೂ ಬೆಳೀತಿದೆ. ಈ ಗಡ್ಡೆ ಒಳಗೆ ಟೊಳ್ಳು, ಬರೀ ನೀರು ತುಂಬಿದೆ. ಒಸಡಿನಲ್ಲಿ ಒಂದು ಕಿಂಡಿ ಮಾಡಿ ಆ ನೀರು ಹೊರಗೆ ಬರೋ ಹಾಗೆ ಬಿಟ್ರೆ ಒತ್ತಡ ಇಳಿಯುತ್ತೆ, ಸುತ್ತ ಮೂಳೆ ಕಟ್ಟುತ್ತೆ. ಆಮೇಲೆ ಉಳಿದಿದ್ದನ್ನ ಕೆರೆದು ತೆಗೀಬಹುದು. ಹಲ್ಲೂ ಉಳಿಯುತ್ತೆ, ಮುಖಾನೂ ಉಳಿಯುತ್ತೆ."

ದೊಡ್ಡ ಡಾಕ್ಟರು ಹುಬ್ಬು ಗಂಟಿಕ್ಕಿದರು. ಕೊನೆಗೆ ಮೂರು ತಿಂಗಳು ಗಡುವು ಕೊಟ್ಟರು. ಅಷ್ಟರಲ್ಲಿ ಕುಗ್ಗದಿದ್ದರೆ ಕತ್ತರಿಸುವುದೇ.

ಕಿಂಡಿ ಮಾಡಿದ್ದಾಯಿತು. ಬಾಯಿಯ ಗಾಯ ಮುಚ್ಚಿಕೊಳ್ಳಲು ಹೊತ್ತು ಬೇಕಿಲ್ಲ, ಆದ್ದರಿಂದ ಅದನ್ನು ತೆರೆದಿಡಲು ಒಂದು ಬಿರಡೆ ಬೇಕು. ಅಪ್ಪನ ಕಸುಬು ತಿಳಿದ ಡಾಕ್ಟರಮ್ಮ ಅವನಿಗೇ ಹೇಳಿದರು: "ನೀವೇ ಮಾಡಿ. ಸಡಿಲ ಇರ್ಲಿ, ನಡುವೆ ತೂತು ಇರ್ಲಿ." ಮೇಸ್ತ್ರಿ ಹಾಗೇ ಮಾಡಿದ. ಮೊಂಡಿ ದಿನಕ್ಕೆ ಮೂರು ಸಲ ಬಿರಡೆ ತೆಗೆದು, ಸಿರಿಂಜಿನಲ್ಲಿ ಉಪ್ಪುನೀರು ಹಾಯಿಸಿ ತೊಳೆದುಕೊಳ್ಳುತ್ತಿದ್ದಳು. ಶಾಲೆಯಲ್ಲಿ ಗೆಳತಿಯರನ್ನು ಸುತ್ತ ನಿಲ್ಲಿಸಿಕೊಂಡು ತೊಳೆಯುವಷ್ಟು ಧೈರ್ಯ ಅವಳದು. ಮೊದಲ ತಿಂಗಳಲ್ಲೇ ಊತ ಇಳಿಯಿತು. ಚಿಕ್ಕ ಡಾಕ್ಟರಮ್ಮ ನೋಡಿ ಬೆನ್ನು ತಟ್ಟಿ, ಇನ್ನು ಗಡುವಿಗೇ ಬನ್ನಿ ಎಂದು ಕಳಿಸಿದರು.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಕೈ ಪಳಗಿದವನಿಗೆ ಸುಮ್ಮನಿರುವುದೇ ಕಷ್ಟ. ಬಿರಡೆ ಅಲ್ಲಾಡುತ್ತದೆ, ಅನ್ನದ ಅಗುಳು ಒಳಗೆ ಹೋಗುತ್ತದೆ, ಬಾಯಲ್ಲಿ ಕೆಟ್ಟ ರುಚಿ ಎಂದು ಮಗಳು ಒಂದು ದಿನ ಮುಖ ಹಿಂಡಿದಳು. ಅಷ್ಟು ಸಾಕಾಯಿತು. ಮೇಸ್ತ್ರಿ ಹೊಸ ಅಚ್ಚು ತೆಗೆದ. ಕಿಂಡಿಯ ಅಂಚಿಗೆ ಕೂದಲೂ ನುಸುಳದ ಹಾಗೆ ಹೊಸ ಬಿರಡೆ ಕೂರಿಸಿದ. ನಡುವಿನ ತೂತನ್ನೂ ಅಗುಳು ಹೋಗದಿರಲೆಂದು ಮುಚ್ಚಿಬಿಟ್ಟ. ದಿನಕ್ಕೆ ಮೂರು ಸಲ ತೆಗೆದು ತೊಳೆಯುತ್ತಾಳಲ್ಲ, ಇನ್ನು ತೂತು ಯಾಕೆ ಎಂದು ಅವನ ಲೆಕ್ಕ. ಡಾಕ್ಟರಮ್ಮನನ್ನು ಕೇಳಲಿಲ್ಲ. ಇಷ್ಟು ಚೊಕ್ಕ ಕೆಲಸ ಇಪ್ಪತ್ತೆರಡು ವರ್ಷದಲ್ಲಿ ಮಾಡಿಲ್ಲ ಎಂದು ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡ.

ಮೂರು ತಿಂಗಳಿಗೆ ಹೊಸ ಎಕ್ಸ್-ರೇ ಬಂತು. ಗಡ್ಡೆ ಮೊದಲಿನಷ್ಟೇ ಇತ್ತು. ಒಂದು ಕೂದಲೆಳೆ ಹೆಚ್ಚೇ.

ದೊಡ್ಡ ಡಾಕ್ಟರು ಒಪ್ಪಿಗೆಯ ಕಾಗದವನ್ನು ಮೇಸ್ತ್ರಿಯ ಮುಂದೆ ಸರಿಸಿ ಪೆನ್ನು ಕೊಟ್ಟರು. ಡಾಕ್ಟರಮ್ಮ ಫಿಲ್ಮನ್ನೇ ನೋಡುತ್ತ ತುಟಿ ಕಚ್ಚಿಕೊಂಡರು. ಕಂಡಕ್ಟರಮ್ಮನ ದನಿಯೂ ಎಲ್ಲೋ ಇಳಿದುಹೋಗಿತ್ತು. ಮೇಸ್ತ್ರಿ ಪೆನ್ನು ಹಿಡಿದ.

"ನನ್ನ ದವಡೆ, ನನ್ನನ್ನ್ಯಾರೂ ಕೇಳಲ್ವಾ?" ಎಂದಳು ಮೊಂಡಿ. "ಮೊದಲನೇ ತಿಂಗಳು ಇಳೀತಿತ್ತು. ಆಮೇಲೆ ಯಾಕೆ ನಿಂತ್ಹೋಯ್ತು? ಅದನ್ನ ಹೇಳಿ, ಆಮೇಲೆ ಕತ್ತರಿಸಿ."

"ನೀನು ಸರಿಯಾಗಿ ತೊಳೀತಿದ್ದೀಯೇನಮ್ಮಾ?" ಎಂದು ದೊಡ್ಡ ಡಾಕ್ಟರು ಕೇಳಿದರು.

"ದಿನಾ ಮೂರು ಸಲ. ಬಿರಡೆ ತೆಗೆಯೋವಾಗ ಸೋಡಾ ಬಾಟಲಿ ಥರ ಟಪ್ ಅನ್ನುತ್ತೆ, ಆಮೇಲೆ ಗಬಕ್ಕಂತ ನೀರು ಬರುತ್ತೆ. ಅಷ್ಟು ಗಟ್ಟಿ ಕೂತಿರುತ್ತೆ. ಅಪ್ಪ ಮಾಡಿದ್ದು!" ಹೆಮ್ಮೆಯಿಂದಲೇ ಹೇಳಿದಳು ಪಾಪ.

ಡಾಕ್ಟರಮ್ಮ ತಟ್ಟನೆ ತಲೆಯೆತ್ತಿದರು. ಮನೆಯಲ್ಲಿ ಆ ಟಪ್ ಸದ್ದು ಕೇಳಿದಾಗಲೆಲ್ಲ ಮೇಸ್ತ್ರಿ ಒಳಗೊಳಗೇ ಬೀಗಿದ್ದ. ಒಳಗಿನ ನೀರು ಹೊರಗೆ ಬರಲೆಂದು ಮಾಡಿದ ಕಿಂಡಿಗೆ ತಾನೇ ಬೀಗ ಜಡಿದಿದ್ದೇನೆ ಎಂದು ಈಗ ತಿಳಿಯಿತು. ಸುಮ್ಮನೆ ಸಹಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗಡ್ಡೆಯ ಮೇಲೆ ತಪ್ಪು ಹೊರಿಸಿ ಹೋಗಬಹುದು. ಹೇಳಿದರೆ ನಾಳೆ ಯಾವ ಡಾಕ್ಟರು ಅಚ್ಚು ಕಳಿಸುತ್ತಾರೆ?

ಅವನು ಪೆನ್ನು ಕೆಳಗಿಟ್ಟ. "ಸಾರ್, ತಪ್ಪು ಗಡ್ಡೇದಲ್ಲ, ನಂದು. ಡಾಕ್ಟರಮ್ಮ ಸಡಿಲ ಮಾಡು ಅಂದಿದ್ರು. ನಾನು ಹೊಸದು ಮಾಡಿ ಬಿಗಿ ಮಾಡ್ದೆ, ತೂತೂ ಮುಚ್ಚಿದೆ. ಯಾರನ್ನೂ ಕೇಳ್ಲಿಲ್ಲ. ನನ್ನ ತಪ್ಪಿಗೆ ಮಗಳ ದವಡೆ ಕೊಡೋಕೆ ನಾನು ಸಹಿ ಹಾಕಲ್ಲ."

"ಏನ್ರೀ ನೀವು!" ಎಂದಳು ಹೆಂಡತಿ. ಅಷ್ಟರಲ್ಲಿ ದನಿ ತಿರುಗಿ ಬಂದಿತ್ತು. ಹೊರಗೆ ಸಾಲಿನಲ್ಲಿ ಕೂತಿದ್ದವರೆಲ್ಲ ಇಣುಕಿದರು. "ನಿಮ್ಮನ್ನ ಮನೇಲಿ ವಿಚಾರಿಸ್ಕೋತೀನಿ. ಸಾರ್, ಇನ್ನೂ ಮೂರು ತಿಂಗಳು ಕೊಡಿ."

"ಅಷ್ಟರಲ್ಲಿ ಗಡ್ಡೆ ಬೆಳೆದ್ರೆ?" ದೊಡ್ಡ ಡಾಕ್ಟರು ಕನ್ನಡಕ ತೆಗೆದರು. "ನನಗೆ ಕತ್ತರಿಸೋ ಚಪಲ ಅಂದ್ಕೊಂಡ್ರಾ? ಇದನ್ನ ಉಳಿಸಿದ್ರೆ ಹತ್ತು ವರ್ಷ, ವರ್ಷ ವರ್ಷ ಬಂದು ಫಿಲ್ಮ್ ತೆಗೆಸ್ಬೇಕು. ಯಾರೂ ಬರಲ್ಲ. ನೋವಿಲ್ಲ ಅಂತ ಎರಡು ವರ್ಷಕ್ಕೇ ನಿಲ್ಲಿಸ್ತಾರೆ. ಆಮೇಲೆ ಮುಖ ಊದಿಸ್ಕೊಂಡು ಬರ್ತಾರೆ, ಆಗ ಅರ್ಧ ದವಡೆ ಸಾಕಾಗಲ್ಲ. ಎಷ್ಟು ಮಕ್ಕಳನ್ನ ನೋಡಿದ್ದೀನಿ ಗೊತ್ತಾ?"

"ನೀವು ನನ್ನನ್ನ ನೋಡಿಲ್ಲ," ಎಂದಳು ಮೊಂಡಿ.

ಡಾಕ್ಟರಮ್ಮ, "ಸಾರ್, ಗಡುವು ಇನ್ನೂ ಸರಿಯಾಗಿ ಶುರುವೇ ಆಗಿಲ್ಲ," ಎಂದರು. ದೊಡ್ಡ ಡಾಕ್ಟರು ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದರು. ಹರಿದು ಹಾಕಲಿಲ್ಲ. "ಎರಡು ತಿಂಗಳು," ಎಂದರು, "ಒಂದು ದಿನ ಹೆಚ್ಚಿಲ್ಲ."

ಅಂದು ಮಧ್ಯಾಹ್ನವೇ ಮೇಸ್ತ್ರಿ ಹಿಂದಿನ ಕೋಣೆಯಲ್ಲಿ ಮೋಟಾರು ಹಾಕಿದ. ಜೀವನದಲ್ಲೇ ಮೊದಲ ಸಲ ಬೇಕೆಂದೇ ಸೋರುವ ಮಾಲು ಮಾಡಬೇಕಿತ್ತು. ನಡುವೆ ತೂತು ಕೊರೆದ. ಬದಿಗಳನ್ನು ತೇಯ್ದ. ಕೈ ಮಾತ್ರ ಹಳೆಯ ಚಾಳಿ ಬಿಡದು. ಇನ್ನೊಂದು ಸುತ್ತು ತೇಯಬೇಕಾದಲ್ಲಿ ತಾನಾಗಿಯೇ ನಿಲ್ಲುತ್ತಿತ್ತು. ಮಗಳು ಪಕ್ಕದ ಸ್ಟೂಲಿನಲ್ಲಿ ಕೂತು ಹಾಕಿ ನೋಡುವುದು, ತೆಗೆದು ಕೊಡುವುದು.

"ಇನ್ನೂ ಬಿಗಿ ಇದೆ."

"ಸಾಕು ಕಣೇ, ಇದಕ್ಕಿಂತ ತೇಯ್ದ್ರೆ ನನ್ನ ಕೈಗೇ ಅವಮಾನ."

"ಆಗ್ಲಿ ಬಿಡಪ್ಪ. ತೇಯಿ."

ತೇಯ್ದ. ಅವಳು ಬಿರಡೆ ಹಾಕಿಕೊಂಡು ಸಿರಿಂಜು ಹಿಡಿದು ತೂತಿನಿಂದ ನೀರು ಹಾಯಿಸಿದಳು. ನೀರು ಸುತ್ತಲಿಂದ ಜಿನುಗಿ ತುಟಿಯಂಚಿನಲ್ಲಿ ಇಳಿದು ಅಂಗಿ ಒದ್ದೆಯಾಯಿತು. ಅಪ್ಪ ಮಗಳು ಇಬ್ಬರೂ ನಕ್ಕುಬಿಟ್ಟರು, ನಗುತ್ತಲೇ ಅವನ ಕಣ್ಣು ತುಂಬಿ ಬಂತು.

ಎರಡು ತಿಂಗಳ ಫಿಲ್ಮಿನಲ್ಲಿ ಕಪ್ಪು ಗುಳಿಯ ಅಂಚಿಗೆ ತೆಳ್ಳಗೆ ಬಿಳಿ ಕಟ್ಟಿತ್ತು. ದೊಡ್ಡ ಡಾಕ್ಟರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಮುಂದುವರ್ಸಿ" ಎಂದಷ್ಟೇ ಹೇಳಿದರು. ಇನ್ನೈದು ತಿಂಗಳಿಗೆ ಗುಳಿ ಅವರೆಕಾಳಿನಷ್ಟಾಯಿತು, ಗಡ್ಡೆ ಆಳಕ್ಕೆ ತಳ್ಳಿದ್ದ ದವಡೆಹಲ್ಲು ಮೇಲಕ್ಕೆ ಏಳತೊಡಗಿತು. ಉಳಿದ ಪೊರೆಯನ್ನು ಚಿಕ್ಕ ಡಾಕ್ಟರಮ್ಮ ಕೆರೆದು ತೆಗೆದರು. ಪಕ್ಕದಲ್ಲಿ ನಿಂತು ದೀಪ ಸರಿಮಾಡಿಕೊಟ್ಟವರು ದೊಡ್ಡ ಡಾಕ್ಟರೇ.

ಮನೆಗೆ ಕಳಿಸುವ ದಿನ ಅವರು ಚೀಟಿಯಲ್ಲಿ ಮುಂದಿನ ವರ್ಷದ ತಾರೀಖು ಬರೆದು ಕೊಟ್ಟರು. ಮೊಂಡಿ ಚೀಟಿ ತೆಗೆದುಕೊಳ್ಳಲಿಲ್ಲ.

"ಒಂದೇ ಯಾಕೆ? ಹತ್ತು ವರ್ಷ ಅಂದ್ರಲ್ಲ, ಹತ್ತೂ ಬರೀರಿ. ಯಾರೂ ಬರಲ್ಲ ಅಂದ್ರಲ್ಲ, ನಾನು ಬರ್ತೀನಿ."

"ಅಷ್ಟೊತ್ತಿಗೆ ನಾನೇ ಇರಲ್ಲಮ್ಮ. ಇನ್ನು ಮೂರು ವರ್ಷಕ್ಕೆ ನನಗೆ ರಿಟೈರ್‌ಮೆಂಟು."

"ನೀವು ಬರೀದಿದ್ರೆ ಬೇಡ. ನಾನಂತೂ ಬರ್ತೀನಿ."

ಮೇಸ್ತ್ರಿ ಮಗಳ ಭುಜ ಮುಟ್ಟಿ ಸುಮ್ಮನಿರಿಸಲು ಹೋದ. ಆಮೇಲೆ ಯಾಕೋ ಕೈ ಹಿಂದೆಗೆದುಕೊಂಡ. ದೊಡ್ಡ ಡಾಕ್ಟರು ಕನ್ನಡಕ ಏರಿಸಿ, ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದರ ಕೆಳಗೆ ಒಂದು ತಾರೀಖು ಬರೆಯತೊಡಗಿದರು. ಬರೆದು ಮುಗಿಸಿ ಕೊಟ್ಟಾಗ ಅವಳು ಬೆರಳಿಟ್ಟು ಎಣಿಸಿದಳು. ಒಂಬತ್ತಿತ್ತು. ಚೀಟಿಯನ್ನು ಅವರ ಮುಂದೆ ವಾಪಸ್ ಇಟ್ಟಳು.