ಹನ್ನೊಂದು ಒಂದುಗಳು

ಸೀಮೆಸುಣ್ಣ ಕಿರುಗುಟ್ಟುತ್ತಿದೆ, ಒಂದು, ಒಂದು, ಮತ್ತೊಂದು, ಹನ್ನೊಂದು ಸಲ ಒಂದು ಬರೆದು ತ್ರ್ಯಂಬಕಣ್ಣ ಕೈ ಝಾಡಿಸಿಕೊಂಡ, ಸಾವಿರದ ನೂರಾ ಹನ್ನೊಂದು ಕೋಟಿಯ ಮೇಲಿನ ಸಂಖ್ಯೆ, ಅವನು ತೊಟ್ಟ ಕೋಟಿನ ಬೆನ್ನು ಬೆವರಿದ್ದು ಸಭೆಯ ಹಿಂದೆ ನಾನು ಕೂತ ಹೆಂಗಸರ ಬೆಂಚಿಗೂ ಕಾಣುತ್ತದೆ, ಇದು ಅವಿಭಾಜ್ಯ, ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗುವುದಿಲ್ಲ ಎನ್ನುತ್ತಿದ್ದಾನೆ — ತಪ್ಪು ಅಣ್ಣಾ, ಆಗುತ್ತದೆ, ಮುಂಜಾನೆ ನಾನೇ ಭಾಗಿಸಿ ನೋಡಿದೆ, ಲೆಕ್ಕ ಮುಗಿಯುವಷ್ಟರಲ್ಲಿ ನಿನ್ನ ಟಾಂಗಾ ಹೋಗಿತ್ತು, ಲಕಮನಹಳ್ಳಿಯ ಮನೆಯಿಂದ ಓಡುತ್ತ ಬಂದೆ, ನೀನು ಮಾತು ಶುರುಮಾಡಿಬಿಟ್ಟಿದ್ದೆ. ತಂಗೀ ಇಂದೂ, ಈ ಸಭಾ ಒಂದ ದಾಟಿದರ ಕಾಲೇಜಿನ ಕೆಲಸ ಖರೇ ನೋಡವಾ, ಎಷ್ಟು ಸಲ ಹೇಳಿದ್ದಾನೋ, ಎಂಟು ವರ್ಷ ಸಾಲಿಯಲ್ಲಿ ಮಗ್ಗಿ ಒಪ್ಪಿಸಿಕೊಂಡು ಬೇಸತ್ತಿದ್ದಾನೆ. ಇಪ್ಪತ್ತೆರಡರ ಮಗ್ಗಿಗೆ ಒಂದು ಕೂಡಿಸಿದರೆ ಬರುವ ಸಂಖ್ಯೆಗಳಷ್ಟೇ ಇದನ್ನು ಭಾಗಿಸಬಹುದೆಂದು ಕಂಡುಕೊಂಡವನು ಅವನು, ಒಂದೊಂದನ್ನೂ ಭಾಗಿಸಿ ನೋಡುವ ಕತ್ತೆ ಚಾಕರಿ ನನ್ನದು, ಎರಡು ವರ್ಷ, ತಿಂಗಳಿಗೆ ಮೂರು ದಿನ ಮುಟ್ಟಾಗಿ ಹಿತ್ತಲ ಕೋಣೆಯಲ್ಲಿ ಕೂತಾಗ ಲೆಕ್ಕ ಬರೆಯುವ ವಹಿ ಮುಟ್ಟುವಂತಿಲ್ಲ, ನೆಲದ ಮೇಲೆ ಇದ್ದಿಲಿನಿಂದ ಭಾಗಿಸಿ ಶೇಷ ಕೂಗಿ ಹೇಳುತ್ತಿದ್ದೆ, ಪಡಸಾಲೆಯಲ್ಲಿ ಕೂತು ಅವನು ಬರೆದುಕೊಳ್ಳುತ್ತಿದ್ದ, ಆ ದಿನ ಇಪ್ಪತ್ತೊಂದು ಸಾವಿರದ ಆರುನೂರಾ ನಲವತ್ತೊಂಬತ್ತರ ಸರದಿ, ಅರ್ಧಕ್ಕೆ ಅಣ್ಣನ ಹೆಂಡತಿ, ವೈನಿ ಕಾಶೀಬಾಯಿ, ದೂರದಿಂದಲೇ ಕೊಡ ಬಗ್ಗಿಸಿ ನೆಲ ತೊಳೆದಳು, ಹೊರಗ ಕೂತಾಕಿ ಲೆಕ್ಕ ಮಾಡೂದಂದ್ರೇನು, ಮಂದಿ ನಗಂಗಿಲ್ಲೇನು? ಆ ಲೆಕ್ಕ ಅಲ್ಲಿಗೇ ನಿಂತಿತು, ಹಿಂದಿನ ಸಂಖ್ಯೆಯ ಶೇಷವನ್ನು ನಾನು ಎರಡು ಸಲ ಕೂಗಿದ್ದೆ, ಕೇಳಿಸಲಿಲ್ಲವೇನೋ ಎಂದು, ಎರಡನೆಯ ಕೂಗನ್ನು ಅವನು ಈ ಸಂಖ್ಯೆಯ ಶೇಷವೆಂದು ಬರೆದುಕೊಂಡಿದ್ದ. ಇವತ್ತು ಮುಂಜಾನೆ ವಹಿ ಅವನ ಕೈಗೆ ಕೊಡುವಾಗ ಕಂಡಿತು, ಎರಡು ಸಾಲಿನಲ್ಲಿ ಒಂದೇ ಶೇಷ.

ಸುಮ್ಮನಿದ್ದರೆ ಕೆಲಸ ಸಿಗುತ್ತದೆ, ನಾಳೆ ಅಚ್ಚಾದ ಮೇಲೆ ಯಾವನೋ ಭಾಗಿಸಿ ನೋಡಿದರೆ ಇವನು ತಲೆ ಎತ್ತಿ ತಿರುಗುವುದೆಲ್ಲಿ, ಮಾತಾಡಿದರೆ ಈಗಲೇ ಎಲ್ಲರೆದುರು, ಅದು ಹೆಂಗ ತಪ್ಪಿತವಾ ಎಂದು ಕೇಳಿದರೆ ಇಷ್ಟು ಗಂಡಸರ ಮುಂದೆ ಏನು ಹೇಳಲಿ, ಅಯ್ಯೋ, ಪುಣೆಯಲ್ಲಿ ಕಲಿಸುವ ನಮ್ಮೂರ ಪ್ರೊಫೆಸರರು ಎದ್ದರು, ಛಲೋ ಅದ ಮಾಸ್ತರ್ರ, ಅಚ್ಚಿಗೆ ಕಳಸೋಣು, ಯಾರಿಗರೆ ಏನರೆ ಕೇಳೂದದ ಏನ್ರಿ, ಯಾರೂ ಇಲ್ಲ, ಯಾರೂ ಕೇಳುವುದಿಲ್ಲ, ನಾನು ಎದ್ದು ನಿಂತಿದ್ದೇನೆ, ಅಣ್ಣಾ, ಇಪ್ಪತ್ತೊಂದು ಸಾವಿರದ ಆರುನೂರಾ ನಲವತ್ತೊಂಬತ್ತರಿಂದ ಇನ್ನೊಮ್ಮೆ ಭಾಗಿಸಿ ನೋಡು. ತಲೆಗಳೆಲ್ಲ ಹೊರಳಿದವು, ಯಾರಾಕಿ, ಮಾಸ್ತರ್ರ ತಂಗಿ ಅಂತ — ಅಣ್ಣ ಸಿಟ್ಟಾಗಲಿಲ್ಲ, ನಕ್ಕ, ನನ್ನ ಲೆಕ್ಕದ ಮೇಲೆ ಅಷ್ಟು ನಂಬಿಕೆ, ಹಲಗೆಗೆ ತಿರುಗಿ ಸರಸರನೆ ಭಾಗಿಸುತ್ತಿದ್ದಾನೆ, ಐದು, ಒಂದು, ಮೂರು, ಒಂದೊಂದೇ ಒಂದನ್ನು ಕೆಳಗಿಳಿಸುತ್ತ, ಎರಡು, ಮೂರು, ಕೈ ನಿಧಾನವಾಯಿತು, ಹತ್ತೊಂಬತ್ತು ಸಾವಿರದ ನಾಲ್ಕುನೂರಾ ಎಂಬತ್ತನಾಲ್ಕು ಉಳಿದಿದೆ, ಪಕ್ಕಕ್ಕೆ ಕೊನೆಯ ಒಂದನ್ನು ಇಳಿಸಿದ, ಇನ್ನು ಒಂಬತ್ತು ಸಲವೆಂದರೆ ಸೊನ್ನೆ, ಅವನಿಗೂ ಗೊತ್ತಾಗಿದೆ, ಕಿವಿ ಕೆಂಪಾಗಿದೆ, ಬರೆಯುವುದೂ ಇಲ್ಲ, ಈ ಕಡೆ ತಿರುಗುವುದೂ ಇಲ್ಲ, ಇಳಿಸಿದ ಒಂದರ ತುದಿಗೆ ಸೀಮೆಸುಣ್ಣ ಒತ್ತಿ ಹಿಡಿದು ನಿಂತಿದ್ದಾನೆ, ಆ ಒಂದು, ಹನ್ನೊಂದನೆಯ ಒಂದು, ಆ ಒಂದು —